ತೆಗಿ ಅನ್ನೋ ಒಂದೇ ಮಾತು

"ತೆಗಿ," ಅಂದರು ಯಜಮಾನರು.

ಸ್ಕ್ರೂಡ್ರೈವರ್ ಹಿಡಿದಿದ್ದ ನನ್ನ ಕೈ ಹಾಗೇ ನಿಂತಿತು. ದಿಂಬಿಗೊರಗಿ ಮಂಚದ ಮೇಲೆ ಕೂತಿದ್ದ ಅವರ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈ ಮಾತ್ರ ಎದ್ದು, ನನ್ನ ಮುಂದಿದ್ದ ಹಳೇ ಮಿಕ್ಸಿಯ ಕಡೆ ಬೆರಳು ಮಾಡಿತ್ತು.

ನರ್ಸಮ್ಮ ಓಡಿಬಂದು ಅವರ ಹೊದಿಕೆ ತೆಗೆದಳು. ಬಾಗಿಲ ಹತ್ತಿರ ನಿಂತಿದ್ದ ಮಗಳು ಹೋಗಿ ಕಿಟಕಿ ತೆಗೆದಳು. ಮಗಳ ಗಂಡ, ಅಂದರೆ ಈ ಮನೆಯ ಅಳಿಯ, ಗೋಡೆಗೆ ಕೈ ಚಾಚಿ ಫ್ಯಾನು ತೆಗೆದ. ಯಜಮಾನರು ಕಣ್ಣು ಮುಚ್ಚಿ ದೊಡ್ಡದೊಂದು ಉಸಿರು ಬಿಟ್ಟರು. ಎಂಥಾ ಪೆದ್ದರ ಸಂತೆಯಲ್ಲಿ ಸಿಕ್ಕಿಹಾಕಿಕೊಂಡೆನಪ್ಪಾ ಅನ್ನೋ ಹಾಗಿತ್ತು ಆ ಉಸಿರು.

ಅಡುಗೆಮನೆಯಲ್ಲಿ ಕುಸಿದು ಬಿದ್ದ ದಿನದಿಂದ ಅವರ ಬಾಯಲ್ಲಿ ಉಳಿದಿರೋದು ಅದೊಂದೇ ಮಾತು. ಉಳಿದೂ ಉಳಿದೂ ಎಂಥ ಮಾತು ಉಳೀತು ನೋಡಿ. ಬಾಗಿಲು ತೆಗಿ ಅಂದರೆ ತೆರೀಬೇಕು. ದೀಪ ತೆಗಿ ಅಂದರೆ ಆರಿಸಬೇಕು. ತಟ್ಟೆ ತೆಗಿ ಅಂದರೆ ಎತ್ತಿಕೊಂಡು ಹೋಗಬೇಕು. ಫೋಟೋ ತೆಗಿ ಅಂದರೆ ಎದುರಿಗಿರೋರು ಹಲ್ಲು ಕಿರೀಬೇಕು. ಯಾವುದನ್ನ ಅಂತ ಹೇಳದೆ ಬರೀ ತೆಗಿ ಅಂದರೆ, ಬೃಹಸ್ಪತಿಯೂ ತಲೆ ಕೆರಕೊಳ್ಳಬೇಕು.

ನನ್ನನ್ನ ಜನ ಮೂಗಿನಕ್ಕ ಅಂತಾರೆ. ಕಂಡೋರ ಮನೆ ವಿಷಯಕ್ಕೆ ಮೂಗು ತೂರಿಸೋದೇ ನನ್ನ ಕಸುಬು, ಹಾಗಾಗಿ ನನಗೇನೂ ಬೇಜಾರಿಲ್ಲ. ಈ ಮನೆಗೆ ಮೂಗು ತೂರಿಸೋಕೆ ಕರೆದವಳು ಮಗಳೇ. ತೀರಿಹೋದ ತಾಯಿಯ ಕೆಂಪು ಹರಳಿನ ಓಲೆಗಳು ಬೀರುವಿನಿಂದ ಮಾಯವಾಗಿವೆ. ತಂದೆಯನ್ನ ನೋಡಿಕೊಳ್ಳೋಕೆ ಬಂದ ನರ್ಸಮ್ಮನ ತಲೆಗೆ ಕಳ್ಳತನ ಕಟ್ಟಿದ್ದಾರೆ. ಇವತ್ತು ಸಂಜೆಯೊಳಗೆ ಓಲೆ ಸಿಗದಿದ್ದರೆ ಚಿಕ್ಕಪ್ಪ ಬಂದು ನರ್ಸಮ್ಮನನ್ನ ಠಾಣೆಗೆ ಕರಕೊಂಡು ಹೋಗ್ತಾರೆ. ಚಿಕ್ಕಪ್ಪ ಅಂದರೆ ಯಜಮಾನರ ಸ್ವಂತ ತಮ್ಮ.

ಒಂದು ಸಲ ಠಾಣೆ ಮೆಟ್ಟಿಲು ಹತ್ತಿದ ನರ್ಸನ್ನ ಆಮೇಲೆ ಯಾವ ಮನೆಯವರು ಒಳಗೆ ಸೇರಿಸ್ತಾರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೊಸ್ತಿಲ ಹತ್ತಿರ ಆಕೆಯ ಬಟ್ಟೆ ಚೀಲ ಆಗಲೇ ಕಟ್ಟಿ ಕೂತಿತ್ತು. ನಿನ್ನೆ ಆ ಚೀಲವನ್ನ ಎಲ್ಲರ ಎದುರು ಬಿಚ್ಚಿಸಿ, ಒಂದೊಂದೇ ಬಟ್ಟೆ ಕೊಡವಿ ನೋಡಿದ್ದರಂತೆ.

ಮಿಕ್ಸಿ ವಿಷಯಕ್ಕೆ ಬರ್ತೀನಿ.

ಬೆಳಿಗ್ಗೆ ನರ್ಸಮ್ಮ ಯಜಮಾನರಿಗೆ ಹಣ್ಣನ್ನ ಚಮಚದ ಬೆನ್ನಲ್ಲಿ ಅರೆದು ಅರೆದು ತಿನ್ನಿಸ್ತಾ ಇದ್ದಳು. ಗಂಟಲಲ್ಲಿ ಚೂರು ಸಿಕ್ಕಿಕೊಂಡು ಅವರು ಕೆಮ್ಮಿದರು. ಮನೆಯಲ್ಲಿ ಮಿಕ್ಸಿ ಇಲ್ವಾ ಅಂತ ನಾನು ಕೇಳಿದೆ. ಇದೆ, ಕೆಟ್ಟಿದೆ, ಅಪ್ಪ ಅದನ್ನ ರಿಪೇರಿ ಮಾಡ್ತಾ ಇರೋವಾಗಲೇ ಬಿದ್ದಿದ್ದು ಅಂದಳು ಮಗಳು. ಅದು ಸುಟ್ಟುಹೋಗಿದೆ, ಗುಜರಿಗೆ ಹಾಕೋಣ ಅಂತ ಗಂಡ ಹಟ ಹಿಡಿದನಂತೆ. ಅಪ್ಪನ ಕೈ ಕೊನೆಗೆ ಮುಟ್ಟಿದ ವಸ್ತು ಅಂತ ಇವಳು ಕೊಡಲಿಲ್ಲ. ಆತ ಅದನ್ನ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೂಲೆಗೆ ತಳ್ಳಿದ್ದ.

ನಾನು ಅದನ್ನ ಇಳಿಸಿ ಮೂಸಿ ನೋಡಿದೆ. ನಗಬೇಡಿ. ಮೋಟಾರು ಸುಟ್ಟ ಮಿಕ್ಸಿ ವಾಸನೆ ವರ್ಷವಾದರೂ ಹೋಗಲ್ಲ, ನಮ್ಮ ಮನೆಯಲ್ಲಿ ನಾನೇ ಒಂದನ್ನ ಸುಟ್ಟಿದ್ದೀನಿ. ಇದರಲ್ಲಿ ಬರೀ ಧೂಳಿನ ವಾಸನೆ ಇತ್ತು.

ಸುಡದೇ ಇರೋ ಮಿಕ್ಸಿಯನ್ನ ಸುಟ್ಟಿದೆ ಅಂತ ಅಳಿಯ ಯಾಕೆ ಹೇಳಿದ?

ಅದಕ್ಕೇ ಮಿಕ್ಸಿಯನ್ನ ತಂದು ಯಜಮಾನರ ಮಂಚಕ್ಕೆ ತಾಗಿಸಿದ ಮೇಜಿನ ಮೇಲೆ ಇಟ್ಟಿದ್ದೆ. ಅವರು ಗಡಿಯಾರ ರಿಪೇರಿ ಮಾಡಿಕೊಂಡೇ ಬಾಳಿದವರು. ಅವರ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿತ್ತು, ಇಕ್ಕಳದಲ್ಲಿ ಒಡೆಯಬೇಕಾಯ್ತು. ಕೀಲಿಗೊಂಚಲು ಯಾವಾಗಲೂ ಅಪ್ಪನ ಸೊಂಟದಲ್ಲೇ ಇರ್ತಿತ್ತು, ಅವತ್ತು ಆಸ್ಪತ್ರೆ ಗಡಿಬಿಡಿಯಲ್ಲಿ ಎಲ್ಲೋ ಬಿದ್ದುಹೋಯ್ತು ಅಂದಳು ಮಗಳು. ಮುಂಬಾಗಿಲಿನದು, ಬೀರುವಿನದು, ಪೆಟ್ಟಿಗೆಯದು, ಎಲ್ಲಾ ಕೀಲಿಗಳೂ ಅದರಲ್ಲೇ ಇದ್ದವು. ಮುಂಬಾಗಿಲಿಗೂ ಬೀರುವಿಗೂ ಇನ್ನೊಂದೊಂದು ಕೀಲಿ ಮಗಳ ಹತ್ತಿರ ಇದ್ದದ್ದರಿಂದ ಬೀಗ ಬದಲಿಸಿರಲಿಲ್ಲ.

"ತೆಗಿ," ಅಂದರು ಯಜಮಾನರು ಮತ್ತೆ. ಈ ಸಲ ಬೆರಳು ಮಿಕ್ಸಿಯನ್ನ ಮುಟ್ಟಿತು.

"ಇದನ್ನ ಬಿಚ್ಚಬೇಕಾ?" ಅಂತ ಕೇಳಿದೆ.

ಅವರ ಕಣ್ಣಲ್ಲಿ ನೀರು ತುಂಬಿತು. ತಲೆ ನಿಧಾನವಾಗಿ ಆಡಿತು. ಇಷ್ಟು ದಿನ ಹೊದಿಕೆ ತೆಗೆದು, ಕಿಟಕಿ ತೆಗೆದು, ದೀಪ ತೆಗೆದು ಆ ಮನುಷ್ಯನನ್ನ ಎಷ್ಟು ಗೋಳುಹೊಯ್ದುಕೊಂಡಿದ್ದರೋ ದೇವರಿಗೇ ಗೊತ್ತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅಳಿಯ ಮಾತ್ರ ಅಳಲಿಲ್ಲ. ಅವನ ಮುಖ ಬಿಳುಚಿತ್ತು.

ಮಿಕ್ಸಿಯನ್ನ ಮಗುಚಿದೆ. ತಳದ ನಾಲ್ಕು ಮೂಲೆಗೂ ರಬ್ಬರ್ ಕಾಲು, ಆ ಕಾಲುಗಳ ಒಳಗೆ ಸ್ಕ್ರೂ. ಎರಡು ಸರಿಯಾಗಿ ಕೂತಿದ್ದವು. ಇನ್ನೆರಡರ ತಲೆ ಮೇಲೆದ್ದು ನಿಂತಿತ್ತು. ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದರೆ, ಗಿಡ್ಡ ಸ್ಕ್ರೂ ಹೋಗಬೇಕಾದ ತೂತಿಗೆ ಉದ್ದದ್ದನ್ನ ಒತ್ತಿ ಒತ್ತಿ ತಿರುಗಿಸಿದ್ದರು. ಪ್ಲಾಸ್ಟಿಕ್ಕು ಸೀಳಿತ್ತು.

ಅದನ್ನ ನೋಡಿ ಯಜಮಾನರು ಮೂಗಿನಲ್ಲೇ ಒಂದು ಸದ್ದು ಮಾಡಿದರು. ಅಂಗಡಿಯಲ್ಲಿ ಕಳಪೆ ಕೆಲಸ ಕಂಡರೆ ಅಪ್ಪ ಹೀಗೇ ಮಾಡ್ತಿದ್ದರು ಅಂತ ಮಗಳು ಅಳುವಿನ ನಡುವೆಯೇ ನಕ್ಕಳು.

ಆಕೆ ಹೇಳಿದ ಇನ್ನೊಂದು ಮಾತಿನಿಂದ ನನ್ನ ಕಿವಿ ನೆಟ್ಟಗಾಯ್ತು. ಯಾವುದನ್ನೇ ಬಿಚ್ಚಲಿ, ಅವರು ಮೊದಲು ಪಕ್ಕದಲ್ಲಿ ಒಂದು ತಟ್ಟೆ ಇಟ್ಟುಕೊಳ್ತಿದ್ದರಂತೆ. ತಟ್ಟೆಯೇ ಗಡಿಯಾರದ ಮುಖ. ಹನ್ನೆರಡರ ಜಾಗದಿಂದ ಬಿಚ್ಚಿದ ಸ್ಕ್ರೂ ತಟ್ಟೆಯ ಹನ್ನೆರಡಕ್ಕೆ, ಮೂರರ ಜಾಗದ್ದು ಮೂರಕ್ಕೆ. ಪ್ರತಿ ಸ್ಕ್ರೂಗೂ ಅದರದೇ ಮನೆ ಇದೆ, ಒಂದರ ಮನೆಗೆ ಇನ್ನೊಂದನ್ನ ನುಗ್ಗಿಸಬಾರದು ಅಂತ ಅವರ ಉಪದೇಶ. ಚಿಕ್ಕವಳಾಗಿದ್ದಾಗ ಆ ತಟ್ಟೆ ಮುಟ್ಟಿ ಇವಳು ಬೈಸಿಕೊಂಡಿದ್ದಾಳೆ.

ಅಂಥ ಮನುಷ್ಯ ಉದ್ದದ ಸ್ಕ್ರೂವನ್ನ ಗಿಡ್ಡದ ಮನೆಗೆ ಒತ್ತಿ ತಿರುಗಿಸ್ತಾರಾ? ಈ ಮಿಕ್ಸಿಯನ್ನ ಬಿಚ್ಚಿದ್ದು ಅವರು. ಮುಚ್ಚಿದ್ದು ಬೇರೆ ಯಾರೋ. ಅವರು ನೆಲದ ಮೇಲೆ ಬಿದ್ದ ಮೇಲೆ, ಗಡಿಬಿಡಿಯಲ್ಲಿ ಮುಚ್ಚಿದ್ದು.

ತಿರುಗಿ ನೋಡಿದೆ. ಅಳಿಯ ಕೋಣೆಯಲ್ಲಿ ಇರಲಿಲ್ಲ.

ಓಡಿಹೋಗಲಿ ಬಿಡು, ಮನೆ ಬಿಟ್ಟು ಎಲ್ಲಿಗೆ ಹೋಗ್ತಾನೆ ಅಂದುಕೊಂಡು ಕೆಲಸಕ್ಕೆ ಕೈ ಹಾಕಿದೆ. ಮೋಟಾರು ಹೊರಗೆ ಬರಬೇಕಾದರೆ ಮೇಲುಗಡೆ ಜಾರ್ ಕೂರೋ ಕರೀ ಹಲ್ಲಿನ ಚಕ್ರ ಬಿಚ್ಚಬೇಕು. ಎಲ್ಲಾ ಸ್ಕ್ರೂ ಬಿಚ್ಚೋ ಹಾಗೆ ಎಡಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ಇಕ್ಕಳ ಹಾಕಿ ಹಲ್ಲು ಕಚ್ಚಿ ತಿರುಗಿಸಿದೆ. ಇನ್ನೂ ಬಿಗಿಯಾಯ್ತು.

ಯಜಮಾನರು ಗುರ್ ಅಂದರು. ಎಡಗೈ ಗಾಳಿಯಲ್ಲಿ ಬಲಕ್ಕೆ ತಿರುಗಿತು. ಇನ್ನೊಂದು ಸಲ ತಿರುಗಿತು, ಪೆದ್ದ ಶಿಷ್ಯನಿಗೆ ತೋರಿಸೋ ಹಾಗೆ. ಬಲಕ್ಕೆ ತಿರುಗಿಸಿದರೆ ಬೆಣ್ಣೆ ಹಾಗೆ ಬಂತು. ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಅಂತಾರಲ್ಲ, ಮಿಕ್ಸಿಯ ಈ ಚಕ್ರ ಅಂಥ ಪೋರ. ತಿರುಗೋ ರಭಸಕ್ಕೆ ತಾನಾಗೇ ಬಿಚ್ಚಿಕೊಳ್ಳಬಾರದು ಅಂತ ಅದರ ಮರೆಯನ್ನ, ಅಂದರೆ ಸ್ಕ್ರೂವಿನ ಸುತ್ತುಗೆರೆಯನ್ನ, ಉಲ್ಟಾ ಕೊರೆದಿರ್ತಾರೆ.

ಯಜಮಾನರ ಅರ್ಧ ಬಾಯಿ ನಕ್ಕಿತು. ನರ್ಸಮ್ಮ ನನ್ನ ತೋಳು ಹಿಡಕೊಂಡಳು. ತಾನು ಬಂದಾಗಿನಿಂದ ಅವರು ನಕ್ಕಿದ್ದು ಇದೇ ಮೊದಲು ಅಂತ ಪಿಸುಗುಟ್ಟಿದಳು. ತನ್ನ ಚೀಲ ಹೊಸ್ತಿಲಲ್ಲಿ ಕೂತಿರೋದನ್ನೂ ಮರೆತು ಆಕೆ ಖುಷಿಪಟ್ಟಳು. ಇವಳು ಕಳ್ಳಿಯಾದರೆ ನಾನು ನನ್ನ ಮೂಗು ಕೊಯ್ದುಕೊಳ್ತೀನಿ ಅಂದುಕೊಂಡೆ.

ತಳದ ಮುಚ್ಚಳ ಎತ್ತಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ವೈರು. ಗೋಡೆಯಿಂದ ಕರೆಂಟು ತರೋ ವೈರದು, ಒಳಗಿನ ಸ್ವಿಚ್ಚಿನಿಂದ ಬಿಡಿಸಿತ್ತು. ಬಿಡಿಸಿದ ತುದಿಗೆ ಟೇಪು ಸುತ್ತಿ, ಅದರ ಮೇಲೆ ನೂಲಿನಿಂದ ಅಚ್ಚುಕಟ್ಟಾಗಿ ಗಂಟು ಹಾಕಿತ್ತು. ಅಷ್ಟು ಸಣ್ಣ ಗಂಟನ್ನ ಗಡಿಯಾರದವರೇ ಹಾಕಬೇಕು.

ಆಮೇಲೆ ಮೋಟಾರಿನ ಎರಡು ಪಕ್ಕ ನೋಡಿದೆ. ಮೋಟಾರಿಗೆ ಕರೆಂಟು ಮುಟ್ಟಿಸೋದು ಎರಡು ಪುಟ್ಟ ಕಾರ್ಬನ್ ತುಂಡುಗಳು. ಅವು ಸವೆದರೆ ಮಿಕ್ಸಿ ಮೂಕಿ. ಒಂದು ಪಕ್ಕದಲ್ಲಿ ಹೊಚ್ಚ ಹೊಸ ಕಾರ್ಬನ್ ಇತ್ತು. ಇನ್ನೊಂದು ಪಕ್ಕದ ಗೂಡು ಖಾಲಿ. ಯಜಮಾನರು ಒಂದನ್ನ ಕೂರಿಸಿದ್ದಾರೆ, ಎರಡನೇದಕ್ಕೆ ಕೈ ಹಾಕೋ ಹೊತ್ತಿಗೆ ಬಿದ್ದಿದ್ದಾರೆ.

ಮೂರನೇದು, ಮೋಟಾರಿಗೂ ಮಿಕ್ಸಿಯ ಒಳಗೋಡೆಗೂ ನಡುವೆ ಬೆರಳಿನಿಂದ ಒತ್ತಿ ಕೂರಿಸಿದ್ದ ಹಳದಿ ಬಟ್ಟೆಯ ಗಂಟು. ಗಡಿಯಾರದ ಗಾಜು ಒರೆಸೋ ಬಟ್ಟೆ ಅದು. ಚಿಮಟದಲ್ಲಿ ಎಳೆದೆ. ಬಿಚ್ಚಿದೆ.

ಕೆಂಪು ಹರಳಿನ ಓಲೆ ನನ್ನ ಅಂಗೈ ಮೇಲೆ ಕೂತಿತ್ತು. ಜೋಡಿ ಅಲ್ಲ. ಒಂದೇ ಒಂದು.

ಯಜಮಾನರು ಹಗುರಾದ ಹಾಗೆ ದಿಂಬಿಗೆ ತಲೆ ಆನಿಸಿದರು. ಇದನ್ನ ಇಲ್ಲಿ ಬಚ್ಚಿಟ್ಟಿದ್ದು ನೀವೇನಾ ಅಂತ ಕೇಳಿದೆ. ತಲೆ ಆಡಿತು, ಹೌದು. ಇನ್ನೊಂದು ಎಲ್ಲಿ ಅಂತ ಕೇಳಿದೆ. ಅವರ ಹುಬ್ಬು ಗಂಟಿಕ್ಕಿತು, ಬಾಯಿ ಒದ್ದಾಡಿತು, ಬಂದದ್ದು ಮತ್ತೆ ಅದೇ, "ತೆಗಿ."

ಮಗಳಿಗೆ ಲೆಕ್ಕ ಬಿಡಿಸಿ ಹೇಳಿದೆ. ಕಾರ್ಬನ್ ಅರ್ಧಕ್ಕೇ ನಿಂತಿದೆ ಅಂದರೆ ಈ ಮಿಕ್ಸಿ ಮುಚ್ಚಿದ್ದು ಅವತ್ತೇ. ಆಮೇಲೆ ಅದು ಅಟ್ಟದಿಂದ ಇಳಿದಿಲ್ಲ. ಓಲೆ ಇದರೊಳಗೆ ಸೇರಿದ್ದು ನಿಮ್ಮಪ್ಪ ಬೀಳೋದಕ್ಕೂ ಮೊದಲು. ನರ್ಸಮ್ಮ ಈ ಮನೆ ಹೊಸ್ತಿಲು ತುಳಿದದ್ದು ಅವರು ಆಸ್ಪತ್ರೆಯಿಂದ ವಾಪಸು ಬಂದ ಮೇಲೆ. ಜೋಡಿಯಲ್ಲಿ ಒಂದನ್ನೇ ಬಚ್ಚಿಟ್ಟಿದ್ದಾರೆ ಅಂದರೆ ಇನ್ನೊಂದು ಆಗಲೇ ಹೋಗಿತ್ತು, ಆಕೆ ಬರೋ ಹೊತ್ತಿಗೆ ಬೀರುವಿನಲ್ಲಿ ಓಲೆ ಇಟ್ಟಿದ್ದ ಡಬ್ಬಿ ಬರಿದಾಗೇ ಇತ್ತು.

ಮಗಳು ನರ್ಸಮ್ಮನ ಕಡೆ ತಿರುಗಿದಳು.

"ಇನ್ನೊಂದು ಸಲ ಚೀಲ ಬಿಚ್ಚಬೇಕಾ ಅಕ್ಕಾ?" ಅಂತ ಕೇಳಿದಳು ನರ್ಸಮ್ಮ. ಕೊಂಕಿರಲಿಲ್ಲ ಆ ದನಿಯಲ್ಲಿ, ಬರೀ ಆಯಾಸ ಇತ್ತು.

ಮಗಳು ಹೋಗಿ ಹೊಸ್ತಿಲಲ್ಲಿದ್ದ ಚೀಲ ಎತ್ತಿಕೊಂಡಳು. ಅದನ್ನ ಎದೆಗವಚಿಕೊಂಡು ಒಳಕೋಣೆಗೆ ಒಯ್ದು, ನರ್ಸಮ್ಮನ ಮಂಚದ ಮೇಲಿಟ್ಟು ಬಂದಳು. ಕ್ಷಮಿಸಿ ಅನ್ನೋದನ್ನ ಅಷ್ಟು ಚೆನ್ನಾಗಿ ಹೇಳಿದವರನ್ನ ನಾನು ಕಂಡಿಲ್ಲ.

ನಾನು ಅಡುಗೆಮನೆಗೆ ಹೋದೆ.

ಅಳಿಯ ಅಲ್ಲೇ ಇದ್ದ. ಸಿಂಕಿನ ಹತ್ತಿರ ನಿಂತು, ತೊಳೆದ ಲೋಟಾನೇ ಮತ್ತೆ ತೊಳೀತಾ ಇದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ, ಇವನು ಲೋಟ ತೊಳೀತಾನೆ.

"ಆ ಸ್ಕ್ರೂಗಳನ್ನ ಹಾಕಿದ್ದು ನೀವೇ ತಾನೆ ಅಳಿಯಂದಿರೇ?"

ನಲ್ಲಿ ನಿಲ್ಲಿಸಿದ. "ಹೌದು."

"ಓಲೆ?"

"ಓಲೆ ಒಳಗಿತ್ತು ಅನ್ನೋದು ನನಗೆ ಈಗಲೇ ಗೊತ್ತಾಗಿದ್ದು. ಬೇಕಾದ್ರೆ ನಮ್ಮಮ್ಮನ ಮೇಲೆ ಆಣೆ ಮಾಡ್ತೀನಿ."

"ಆಣೆ ಬೇಡ. ಯಾಕೆ ಮುಚ್ಚಿದ್ರಿ, ಅದನ್ನ ಹೇಳಿ."

ಅವನು ಸ್ಟೂಲಿನ ಮೇಲೆ ಕುಸಿದ. ಲೋಟ ಕೈಯಲ್ಲೇ ಇತ್ತು.

"ಮಾವನ್ನ ಕೆಡವಿದ್ದು ನಾನೇ ಅಕ್ಕ," ಅಂದ.

ಅವನು ಬಿಕ್ಕಿ ಬಿಕ್ಕಿ ಹೇಳಿದ್ದನ್ನ ನಾನು ನೆಟ್ಟಗೆ ಮಾಡಿ ಹೇಳ್ತೀನಿ. ಅವತ್ತು ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮಾವ ಅಡುಗೆಮನೆಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಇವನು ಮುಂದಿನ ಕೋಣೆಯಲ್ಲಿ ಪೇಪರ್ ಓದ್ತಾ ಇದ್ದ. ಬಾಗಿಲ ಗಂಟೆ ಹೊಡೀತು. ಮಾವ ಒಳಗಿನಿಂದ ಕೂಗಿದರು. ಇವನು ಎದ್ದು ಬಾಗಿಲು ತೆಗೆದ. ಒಳಗೆ ಬಂದು ನೋಡಿದರೆ ಮಾವ ನೆಲದ ಮೇಲೆ.

"ಅವರು ಕೂಗಿದ್ದು ಸ್ವಿಚ್ ತೆಗಿ ಅಂತ. ಅವರಿಗೆ ಕರೆಂಟು ಹೊಡೀತಾ ಇತ್ತು. ನಾನು ಹೋಗಿ ಬಾಗಿಲು ತೆಗೆದೆ." ಮುಖವನ್ನ ಎರಡೂ ಕೈಯಲ್ಲಿ ಮುಚ್ಚಿಕೊಂಡ. "ಅವಳಿಗೆ ಏನಂತ ಹೇಳ್ಲಿ? ನಿಮ್ಮಪ್ಪ ಒಂದೇ ಮಾತು ಹೇಳಿದ್ರು, ಅದನ್ನೂ ತಪ್ಪಾಗಿ ಕೇಳಿಸ್ಕೊಂಡೆ ಅಂತಾನಾ? ಈಗ ದಿನಾ ಅದನ್ನೇ ಹೇಳ್ತಾರೆ. ತೆಗಿ, ತೆಗಿ. ನನ್ನನ್ನ ನೋಡ್ಕೊಂಡೇ ಹೇಳ್ತಾರೆ."

ಅದಕ್ಕೇ ಇವನು ಗೋಡೆಯಲ್ಲಿ ಕಂಡ ಸ್ವಿಚ್ಚನ್ನೆಲ್ಲಾ ತೆಗೀತಾ ಇದ್ದದ್ದು. ಸೆಖೆಯಲ್ಲಿ ಫ್ಯಾನು ಆರಿಸೋ ಅಳಿಯನ ಬಗ್ಗೆ ನಾನು ಏನೇನೋ ಅಂದುಕೊಂಡಿದ್ದೆ. ಪಾಪ ಅನ್ನಿಸ್ತು.

"ಏಳಿ," ಅಂದೆ. ಕೈ ಹಿಡಿದು ಎಳಕೊಂಡು ಹೋಗಿ, ಬಿಚ್ಚಿದ ಮಿಕ್ಸಿ ಮುಂದೆ ನಿಲ್ಲಿಸಿದೆ. ನೂಲು ಸುತ್ತಿದ ವೈರಿನ ತುದಿ ತೋರಿಸಿದೆ. "ಇದು ಸ್ವಿಚ್ಚಿಗೆ ಸೇರಿದ್ರೆ ತಾನೇ ಕರೆಂಟು ಒಳಗೆ ಬರೋದು? ನಿಮ್ಮ ಮಾವ ಮೊದಲು ಇದನ್ನ ಬಿಡಿಸಿ, ಕಟ್ಟಿ, ಆಮೇಲೆ ಮುಂದಿನ ಕೆಲಸಕ್ಕೆ ಕೈ ಹಾಕಿದ್ದಾರೆ. ಈ ಗಂಟು ಬಿಚ್ಚೇ ಇಲ್ಲ. ಊರಿಗೆ ಊರೇ ಕರೆಂಟು ತಂದು ಸುರಿದ್ರೂ ಈ ಮಿಕ್ಸಿ ಅವರಿಗೆ ಹೊಡೀತಿರಲಿಲ್ಲ."

ಅವನು ಗಂಟನ್ನ ನೋಡಿದ. ನಂಬಿಕೆ ಬರಲಿಲ್ಲ. ಬಗ್ಗಿ ಮುಟ್ಟಿದ. ಕೊನೆಗೆ ಮಾವನ ಮುಖ ನೋಡಿದ.

ಯಜಮಾನರು ಇಲ್ಲ ಅಂತ ತಲೆಯಾಡಿಸಿದರು. ಆಡಿಸ್ತಾನೇ ಇದ್ದರು. ಅಳಿಯ ಮಂಚದ ಪಕ್ಕ ಕೂತು ಅವರ ಬಲಗೈ ಮೇಲೆ ಹಣೆಯಿಟ್ಟು ಅತ್ತ. ಡಾಕ್ಟರು ಮೊದಲಿಂದಲೂ ಹೇಳ್ತಾ ಇದ್ದದ್ದು ರಕ್ತದೊತ್ತಡ ಅಂತಲೇ. ಇವನೇ ಒಳಗೊಳಗೆ ಬೇರೆ ಕಥೆ ಕಟ್ಟಿಕೊಂಡು ಸಾಯ್ತಾ ಇದ್ದ.

ಅಲ್ಲ, ಇವನೇ ಕಟ್ಟಿಕೊಂಡದ್ದಾ? ಮೂಗು ತುರಿಸೋಕೆ ಶುರುವಾಯ್ತು.

"ಅವರು ಕೂಗಿದ್ದು ಸ್ವಿಚ್ ತೆಗಿ ಅಂತ ನಿಮಗೆ ಹೇಗೆ ಗೊತ್ತು? ಸ್ವಿಚ್ ಅನ್ನೋದು ಕಿವಿಗೆ ಬಿತ್ತಾ?"

"ಇಲ್ಲ. ಗಂಟೆ ಹೊಡೀತು. ತೆಗೀ ಅಂತ ಎಳೆದು ಕೂಗಿದ್ರು. ಹಿಂದೇನೇ ಏನೋ ಬಿದ್ದ ಸದ್ದಾಯ್ತು. ಪಾತ್ರೆ ಅಂದ್ಕೊಂಡೆ."

"ಮತ್ತೆ ಸ್ವಿಚ್ಚು ಎಲ್ಲಿಂದ ಬಂತು?"

ಅವನು ಹೆಂಡತಿಯ ಕಡೆ ನೋಡಿದ, ನೆಲ ನೋಡಿದ. "ಚಿಕ್ಕಪ್ಪ ಹೇಳಿದ್ರು."

"ಚಿಕ್ಕಪ್ಪ ಅವತ್ತು ಊರಲ್ಲೇ ಇರಲಿಲ್ವಲ್ಲ," ಅಂದಳು ಮಗಳು.

ಇದ್ದರು. ಗಂಟೆ ಬಾರಿಸಿದ್ದೇ ಚಿಕ್ಕಪ್ಪ. ಇವನು ಗಾಬರಿಯಲ್ಲಿ ಗಾಡಿ ತರೋಕೆ ಬೀದಿಗೆ ಓಡಿದಾಗ ಅಣ್ಣನ ಹತ್ತಿರ ಒಬ್ಬರೇ ಇದ್ದದ್ದೂ ಅವರೇ. ವಾಪಸು ಬಂದವನ ಹೆಗಲ ಮೇಲೆ ಕೈ ಹಾಕಿ, ಪ್ಲಗ್ಗು ಗೋಡೆಯಲ್ಲೇ ಇತ್ತು ಕಣೋ, ನಾನೇ ಕಿತ್ತೆ, ಸ್ವಿಚ್ ತೆಗಿ ಅಂತ ಕೂಗಿದರೆ ನೀನು ಬಾಗಿಲು ತೆಗೆದೆಯಲ್ಲೋ ಅಂದರಂತೆ. ಆಮೇಲೆ ಬಲು ಪ್ರೀತಿಯಿಂದ ಒಂದು ಒಪ್ಪಂದ ಮಾಡಿಕೊಂಡರಂತೆ. ನೀನು ಮಾಡಿದ್ದನ್ನ ನಾನು ಯಾರಿಗೂ ಹೇಳಲ್ಲ, ನಾನು ಬಂದಿದ್ದನ್ನ ನೀನು ಯಾರಿಗೂ ಹೇಳಬೇಡ. ಆ ಮಿಕ್ಸಿಯನ್ನ ಹೆಂಡತಿ ಕಣ್ಣಿಗೆ ಬೀಳದ ಹಾಗೆ ಮುಚ್ಚಿ ಗುಜರಿಗೆ ಹಾಕಿಬಿಡು.

ಹಾವೂ ಸಾಯಬೇಕು, ಕೋಲೂ ಮುರೀಬಾರದು. ಚಿಕ್ಕಪ್ಪ ಬುದ್ಧಿವಂತರು.

ಬೀರು ತೆಗೆದು ಒಡವೆ ನೋಡಿಕೋ ಅಂತ ಮಗಳಿಗೆ ಮೊದಲು ಹೇಳಿದ್ದು ಯಾರು ಅಂತ ಕೇಳಿದೆ. ಉತ್ತರ ನನಗೆ ಗೊತ್ತೇ ಇತ್ತು, ಆದರೂ ಆಕೆಯ ಬಾಯಿಂದಲೇ ಬರಲಿ ಅಂತ. ಚಿಕ್ಕಪ್ಪ. ಹೊಸಬರು ಮನೆಗೆ ಬಂದಿದ್ದಾರೆ, ಒಂದು ಕಣ್ಣಿಟ್ಟಿರಮ್ಮ ಅಂದವರೂ ಚಿಕ್ಕಪ್ಪ. ಆಕೆ ಹಾಗೇ ಗೋಡೆಗೆ ಒರಗಿದಳು. ತನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ ಮನುಷ್ಯ ಅಂತ ಮಾತ್ರ ಹೇಳಿದಳು. ಯಾವುದನ್ನೂ ನಾನಿನ್ನೂ ಸಾಬೀತು ಮಾಡಿಲ್ಲ, ಬರೀ ಮೂಗಿಗೆ ವಾಸನೆ ಹತ್ತಿದೆ ಅಷ್ಟೇ ಅಂತ ನಾನೂ ಹೇಳಿದೆ.

"ತೆಗಿ," ಅಂದರು ಯಜಮಾನರು. ಈ ಸಲ ಎಡಗೈ ಪೆಟ್ಟಿಗೆಯ ಕಡೆಗಿತ್ತು.

ಪೆಟ್ಟಿಗೆಯ ಮೂಲೆಯಲ್ಲಿ ಎರಡನೇ ಕಾರ್ಬನ್ ತುಂಡು ಕಾಗದದಲ್ಲಿ ಸುತ್ತಿಕೊಂಡು ಕಾಯ್ತಾ ಇತ್ತು. ಅವರಿಗೆ ಚಿಕ್ಕಪ್ಪನ ಚಿಂತೆ ಆಮೇಲೆ, ಕೆಲಸ ಅರ್ಧಕ್ಕೆ ನಿಂತಿದ್ದೇ ಮೊದಲ ಸಂಕಟ. ಕಸುಬುದಾರರು ಅಂದರೆ ಹೀಗೇ.

ಮಾಡೋಣ ಅಂದೆ. ನನ್ನ ಕೈ ಒರಟು ಅಂತ ಯಜಮಾನರಿಗೆ ಆಗಲೇ ಗೊತ್ತಾಗಿತ್ತು, ನನ್ನನ್ನ ಪಕ್ಕಕ್ಕೆ ಸರಿಸಿ ನರ್ಸಮ್ಮನನ್ನ ಕರೆದರು. ಆಕೆ ಕಾರ್ಬನ್ನನ್ನ ಗೂಡಿಗೆ ಇಳಿಸಿ, ಸ್ಪ್ರಿಂಗು ಒತ್ತಿ, ಮುಚ್ಚಳ ತಿರುಗಿಸಿದಳು. ನೂಲಿನ ಗಂಟನ್ನ ಅಳಿಯನೇ ಬಿಚ್ಚಿ ವೈರನ್ನ ಸ್ವಿಚ್ಚಿನ ಕೊಕ್ಕೆಗೆ ಸಿಕ್ಕಿಸಿದ. ಮಗಳು ಒಂದು ತಟ್ಟೆ ತಂದು, ಸ್ಕ್ರೂಗಳನ್ನ ಗಡಿಯಾರದ ಹಾಗೆ ಜೋಡಿಸಿದಳು. ಗಿಡ್ಡದ್ದು ಗಿಡ್ಡದರ ಮನೆಗೆ ಹೋಯ್ತು, ಉದ್ದದ್ದು ಉದ್ದದರ ಮನೆಗೆ. ಪ್ರತಿ ಸ್ಕ್ರೂ ಕೂತಾಗಲೂ ಯಜಮಾನರ ಗದ್ದ ಒಂದಿಷ್ಟು ಕೆಳಗೆ ಬಗ್ಗಿ ಏಳ್ತಿತ್ತು, ಭೇಷ್ ಅನ್ನೋ ಹಾಗೆ.

ಜಾರಿನಲ್ಲಿ ಹಣ್ಣಿನ ಹೋಳು ಹಾಕಿ, ಪ್ಲಗ್ಗು ಚುಚ್ಚಿ, ಅಳಿಯನಿಗೆ ನೀವೇ ಹಾಕಿ ಅಂದೆ. ಅವನು ಸ್ವಿಚ್ಚಿನ ಮೇಲೆ ಕೈ ಇಟ್ಟ, ಒತ್ತಲಿಲ್ಲ. ಹೆಂಡತಿ ಆ ಕೈ ಮೇಲೆ ತನ್ನ ಕೈ ಇಟ್ಟಳು.

ಮಿಕ್ಸಿ ಗರ್ ಅಂತ ಎದ್ದಿತು. ಹೊಸ ಕಾರ್ಬನ್ನಿನ ಒಂದೆರಡು ಕಿಡಿ ಕಂಡು, ಆಮೇಲೆ ಸದ್ದು ಹದಕ್ಕೆ ಬಂತು. ಯಜಮಾನರು ಕಿವಿ ವಾರೆ ಮಾಡಿ ಕೇಳಿದರು. ಸಾಕು ಅನ್ನೋ ಹಾಗೆ ಕೈಯೆತ್ತಿದರು. ನರ್ಸಮ್ಮ ನುಣ್ಣಗಾದ ಹಣ್ಣನ್ನ ಬಟ್ಟಲಿಗೆ ಸುರಿದು ಮೊದಲ ಚಮಚ ಕೊಟ್ಟಳು. ಕೆಮ್ಮಿಲ್ಲದೆ ನುಂಗಿದರು. ಬಾಯಿ ತಾವೇ ತೆರೆದು ಇನ್ನೊಂದು ಕೇಳಿದರು.

ನನಗೂ ಕಣ್ಣು ಮಂಜಾಯ್ತು, ಸುಳ್ಳು ಯಾಕೆ ಹೇಳಲಿ. ನರ್ಸಮ್ಮ ಇಲ್ಲೇ ಇರ್ತಾಳೆ, ಅಳಿಯ ಇನ್ನು ರಾತ್ರಿ ನಿದ್ದೆ ಮಾಡ್ತಾನೆ, ಈ ಮನುಷ್ಯ ಇವತ್ತಲ್ಲ ನಾಳೆ ಮಾತಾಡ್ತಾರೆ ಅಂತ ಮನಸ್ಸು ಹೇಳ್ತಾ ಇತ್ತು.

ಆಗ ಬಾಗಿಲ ಗಂಟೆ ಹೊಡೀತು.

ಯಜಮಾನರ ಬಾಯಲ್ಲಿದ್ದ ಚಮಚ ಕೆಳಗೆ ಬಿತ್ತು. ಅಭ್ಯಾಸಬಲ, ಮಗಳು ಕಣ್ಣೊರೆಸಿಕೊಂಡು ಆಗಲೇ ಎದ್ದಿದ್ದಳು. ಮುಂದಿನ ಕೋಣೆ ದಾಟಿ ಬಾಗಿಲಿಗೆ ಕೈ ಚಾಚಿದಳು.

"ತೆಗೀ," ಅಂದರು ಯಜಮಾನರು.

ಬಂದೆ ಅಪ್ಪ, ತೆಗೀತೀನಿ ಅಂದಳು ಆಕೆ ಅಲ್ಲಿಂದಲೇ.

ಇಲ್ಲ. ಅವರು ತಲೆ ಕೊಡವಿದರು. ಎಡಗೈಯಿಂದ ಮಂಚದ ಕಂಬಿ ಹಿಡಿದು ದಿಂಬಿನಿಂದ ಬೆನ್ನು ಎತ್ತಿದರು, ಕತ್ತಿನ ನರಗಳು ಉಬ್ಬಿ ನಿಂತವು. ಬಾಯಿ ಮುಚ್ಚಿತು, ತೆರೀತು, ಇನ್ನೊಂದು ಸಲ ಮುಚ್ಚಿತು. ನರ್ಸಮ್ಮ ಅವರ ಬೆನ್ನಿಗೆ ಕೈ ಕೊಟ್ಟು, ನಿಧಾನ, ನಿಧಾನ, ಬರುತ್ತೆ ಅಂದಳು.

"ತೆಗೀ... ಬೇ... ಡ."

ತೆಗೀಬೇಡ. ಅವತ್ತು ಅಡುಗೆಮನೆಯಿಂದ ಕೂಗಿದ ಮಾತು ಅದು. ಕೂಗಿನ ಬಾಲ ಬಾಯಲ್ಲೇ ಉಳಿದು ಅವರು ಬಿದ್ದಿದ್ದರು. ಮಾತಿನ ತಲೆ ಮಾತ್ರ ಅಳಿಯನ ಕಿವಿಗೆ ಮುಟ್ಟಿತ್ತು. ಅವತ್ತಿನಿಂದ ಅವರು ಆ ಬಾಲವನ್ನೇ ಹುಡುಕ್ತಾ ಇದ್ದರು. ಗಂಟೆ ಬಾರಿಸಿದವರು ಯಾರು ಅಂತ ಅವರಿಗೆ ಅವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿತ್ತು.

ಮಗಳ ಕೈ ಬಾಗಿಲ ಹಿಡಿಯ ಹತ್ತಿರ ನಿಂತುಹೋಗಿತ್ತು.

ಗಂಟೆ ಇನ್ನೊಂದು ಸಲ ಹೊಡೀಲಿಲ್ಲ. ಅದರ ಬದಲು ಬೀಗದೊಳಗೆ ಸಣ್ಣ ಸದ್ದಾಯ್ತು. ಹೊರಗಿನಿಂದ ಯಾರೋ ಕೀಲಿ ಹಾಕಿದ್ದರು. ಅದರ ಹಿಂದೆ ಬೇರೆ ಕೀಲಿಗಳು ಒಂದಕ್ಕೊಂದು ತಾಗಿದ ಸದ್ದು, ದೊಡ್ಡ ಗೊಂಚಲಿನ ಸದ್ದು. ಅಪ್ಪನ ಸೊಂಟದಲ್ಲಿ ಆ ಸದ್ದನ್ನ ಕೇಳಿಕೊಂಡೇ ಬೆಳೆದ ಮಗಳು ಸರಕ್ಕನೆ ಮೇಲಿನ ಚಿಲಕ ಹಾಕಿದಳು.

ಬೀಗ ತೆರೀತು. ಬಾಗಿಲು ಒಂದು ಸಲ ಅಲುಗಿ, ಚಿಲಕಕ್ಕೆ ತಾಗಿ ನಿಂತಿತು.

ಆಮೇಲೆ ಹೊರಗಿನಿಂದ ಒಂದು ದನಿ ಬಂತು, ತುಂಬಾ ಮೆತ್ತಗೆ, ತುಂಬಾ ಪ್ರೀತಿಯಿಂದ.

"ನಾನು ಕಣಮ್ಮ, ಚಿಕ್ಕಪ್ಪ. ತೆಗಿ."